ಬಾಣ-ಬಿರುಸು, ಹುಲ್ಲಿನ ಮೆದೆ, ಎರಡು ರಾಜ್ಯಗಳ ಗಡಿಯಾರ



ಪಟಾಕಿಯ ಮಾತು ಒಕ್ಕಲುತನದ ಪುಟಕ್ಕೆ ಏಕೆ ಬಂತೆಂದು ಕೆಲವರು ಹುಬ್ಬೇರಿಸಬಹುದು. ಗೊಬ್ಬರ, ಬೀಜ, ದನಕರುಗಳ ವಿಚಾರ ಬರಬೇಕಾದಲ್ಲಿ ಮಕ್ಕಳ ಆಟದ ಸಾಮಾನಿಗೆ ಜಾಗವೇಕೆ? ನಾವು ಹೇಳಹೊರಟಿರುವುದು ದನಕರುಗಳ ವಿಚಾರವನ್ನೇ. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಹಸಿಮೇವು ಅಷ್ಟಿಷ್ಟು ಸಿಕ್ಕುವ ಮನೆಯಲ್ಲಿಯೂ ಒಂದು ಹಸುವಿಗೆ ದಿನಕ್ಕೆ ಸುಮಾರು 5 ಕಿಲೋ ಒಣಹುಲ್ಲು ಬೇಕು. ಎರಡು ಹಸುಗಳಿಗೆ 10 ಕಿಲೋ. ವರ್ಷಕ್ಕೆ 3,650 ಕಿಲೋ. ಅಂದರೆ ಮೂರೂವರೆ ಟನ್ನಿಗೂ ಮೇಲೆ. ಇಷ್ಟೂ ಹುಲ್ಲು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ, ತಾಳವಾಡಿ ಕಡೆಯ ಮನೆಗಳಲ್ಲಿ ಹಿತ್ತಿಲಿನ ಒಂದೇ ಮೆದೆಯಲ್ಲಿ ಇರುತ್ತದೆ. ಆ ಮೆದೆಗೆ ಒಂದು ಕಿಡಿ ಬಿದ್ದರೆ ವರ್ಷದ ಮೇವು ಒಂದು ರಾತ್ರಿಯಲ್ಲಿ ಬೂದಿ. ಆ ಮೇಲೆ ಹುಲ್ಲನ್ನು ಕೊಂಡು ಹಾಕುವ ಶಕ್ತಿ ಇರುವವರು ಎಷ್ಟು ಮಂದಿ? ಹುಲ್ಲು ಹೋದ ಮೇಲೆ ಹಸುವೂ ಸಂತೆಗೆ ಹೋಗುತ್ತದೆ. ಹಾಲಿನ ಡೈರಿಯ ವಾರದ ಬಟವಾಡೆಯನ್ನೇ ನಂಬಿ ಮಕ್ಕಳ ಶಾಲೆಯ ಖರ್ಚು ನಡೆಸುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಣ-ಬಿರುಸು ಬೇಡವೇ ಬೇಡ ಎಂದು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ಹಬ್ಬ ಹಬ್ಬವೇ. ಆದರೆ ಮದ್ದಿನ ಗುಣವನ್ನೂ, ನಾವು ವಾಸವಾಗಿರುವ ರಾಜ್ಯದ ನಿಯಮವನ್ನೂ ತಿಳಿದುಕೊಂಡು ಹಚ್ಚುವುದಕ್ಕೂ, ತಿಳಿಯದೆ ಹಚ್ಚುವುದಕ್ಕೂ ಒಂದು ಮೆದೆಯಷ್ಟು ವ್ಯತ್ಯಾಸವಿದೆ.

ಮದ್ದು ಉರಿಯುವ ಬಗೆ

ಒಲೆಯ ಸೌದೆ ಉರಿಯಬೇಕಾದರೆ ಗಾಳಿ ಬೇಕು. ಗಾಳಿ ತಡೆದರೆ ಬೆಂಕಿ ಆರುತ್ತದೆ; ಕೆಂಡದ ಮೇಲೆ ಬೂದಿ ಮುಚ್ಚಿದರೆ ಅದು ಮಲಗುವುದು ಇದೇ ಕಾರಣದಿಂದ. ಪಟಾಕಿಯ ಮದ್ದು ಹಾಗಲ್ಲ. ಹಿಂದಿನಿಂದ ಬಂದ ಕರಿಮದ್ದಿನಲ್ಲಿ ಮೂರು ಪದಾರ್ಥಗಳಿವೆ: ಪೆಟ್ಲುಪ್ಪು, ಗಂಧಕ, ಇದ್ದಿಲ ಪುಡಿ. ಇದ್ದಿಲೂ ಗಂಧಕವೂ ಉರಿಯತಕ್ಕವು. ಪೆಟ್ಲುಪ್ಪು ಆ ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಕಟ್ಟಿಕೊಂಡು ಬಂದಿದೆ. ಈಗಿನ ಸದ್ದಿನ ಪಟಾಕಿಗಳಲ್ಲಿ ಅಲ್ಯುಮಿನಿಯಂ ಪುಡಿಯೂ ಸೇರಿರುತ್ತದೆ. ಆದ್ದರಿಂದ ಮದ್ದು ಹೊರಗಿನ ಗಾಳಿಗೆ ಕಾಯುವುದಿಲ್ಲ. ಮಣ್ಣು ಮುಚ್ಚಿದರೂ ಉರಿಯುತ್ತದೆ, ಡಬ್ಬಿಯೊಳಗಿಟ್ಟರೂ ಉರಿಯುತ್ತದೆ. ಮುಚ್ಚಿದಷ್ಟೂ ಒಳಗಿನ ಹೊಗೆಗೆ ದಾರಿಯಿಲ್ಲದೆ ಹೆಚ್ಚು ಜೋರಾಗಿ ಸಿಡಿಯುತ್ತದೆ.

ಇದೊಂದು ಮಾತು ತಲೆಯಲ್ಲಿ ನಿಂತರೆ ಉಳಿದ ಬುದ್ಧಿವಾದವೆಲ್ಲ ತಾನಾಗಿ ಬರುತ್ತದೆ. ಹುಡುಗರು ಪಟಾಕಿಯ ಮೇಲೆ ತೆಂಗಿನ ಚಿಪ್ಪು, ತಗಡಿನ ಡಬ್ಬಿ, ಗಾಜಿನ ಸೀಸೆ ಕವುಚಿ ಹಚ್ಚುತ್ತಾರೆ. ಆಗ ಸಿಡಿಯುವುದು ಕಾಗದವಲ್ಲ, ತಗಡು ಮತ್ತು ಗಾಜು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಬರುವ ಗಾಯಾಳುಗಳಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನೋಡುತ್ತ ನಿಂತಿದ್ದವರೂ, ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ. ಹಾಗೆಯೇ ಹಚ್ಚಿದ ಮೇಲೆ ಹಾರದೆ ಉಳಿದ ಪಟಾಕಿ. ಬತ್ತಿ ಆರಿದಂತೆ ಕಾಣುತ್ತದೆ. ಒಳಗೆ ಕಿಡಿ ನಿಧಾನವಾಗಿ ತೆವಳುತ್ತಿರಬಹುದು. ಬಗ್ಗಿ ಊದುವುದು, ಕಾಲಿನಿಂದ ತಿರುವುವುದು, ಎರಡನೆಯ ಸಲ ಹಚ್ಚುವುದು ಕೂಡದು. ಕಾಲು ಗಂಟೆಯಾದರೂ ಬಿಟ್ಟು, ದೂರದಿಂದ ಒಂದು ಬಿಂದಿಗೆ ನೀರು ಸುರಿಯಬೇಕು. ಮದ್ದಿಗೆ ಮಣ್ಣು ಮದ್ದಲ್ಲ, ನೀರೇ ಮದ್ದು.

ಸುರುಸುರುಬತ್ತಿಯನ್ನು ಕೂಸಿನ ಕೈಗೂ ಕೊಡುತ್ತೇವೆ. ಸದ್ದಿಲ್ಲವೆಂಬ ಒಂದೇ ಧೈರ್ಯ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿಯುವ ಸುರುಸುರುಬತ್ತಿಯ ತುದಿ ಸಾವಿರ ಡಿಗ್ರಿಯ ಸುಮಾರು ಮುಟ್ಟುತ್ತದೆ. ಆರಿದ ಮೇಲೂ ಆ ತಂತಿ ಬಹಳ ಹೊತ್ತು ಕಾದೇ ಇರುತ್ತದೆ; ಹಾಗೆ ಎಸೆದ ತಂತಿ ಅಂಗಳದ ಮೂಲೆಯ ಒಣಸೋಗೆಯ ಮೇಲೆ ಬಿದ್ದರೆ ನಡುರಾತ್ರಿ ಹೊಗೆ ಏಳುತ್ತದೆ. ಪ್ರತಿ ಮನೆಯ ಮುಂದೆ ಒಂದು ಬಕೆಟ್ ನೀರಿಟ್ಟು, ಉರಿದ ತಂತಿಯನ್ನೆಲ್ಲ ಅದರೊಳಗೇ ಹಾಕಿಸಬೇಕು. ಮಕ್ಕಳಿಗೆ ಇದೂ ಒಂದು ಆಟವೇ. ‘ಚುಯ್’ ಎಂಬ ಸದ್ದು ಕೇಳಲೆಂದು ತಾವಾಗಿಯೇ ಓಡಿ ಬಂದು ಹಾಕುತ್ತಾರೆ.

ಆಕಾಶಬಾಣವಂತೂ ಹಳ್ಳಿಗೆ ತಕ್ಕದ್ದಲ್ಲ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅದನ್ನು ಹಚ್ಚುವವನಿಗೆ ಅದು ಏರುವ ದಾರಿ ಮಾತ್ರ ಕಾಣುತ್ತದೆ. ಇಳಿಯುವ ದಾರಿ ಗಾಳಿಯ ಕೈಯಲ್ಲಿದೆ. ಸೀಸೆ ಒಂದಿಷ್ಟು ವಾಲಿದರೂ ಬಾಣ ಸೂರಿನ ಮಟ್ಟದಲ್ಲಿ ಓಡುತ್ತದೆ. ಗುಡಿಸಲು, ಮೆದೆ, ಕಬ್ಬಿನ ಗದ್ದೆ, ಹೊಸೂರಿನ ಸುತ್ತ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹಸಿರುಮನೆ, ಇವುಗಳ ನಡುವೆ ಅದನ್ನು ಬಿಡಲು ಜಾಗವೆಲ್ಲಿದೆ?

ಹಬ್ಬಕ್ಕಿಂತ ಜಾತ್ರೆಗೆ ಹೆಚ್ಚು ಎಚ್ಚರ

ಪಟಾಕಿ ಎಂದರೆ ಎಲ್ಲರ ನೆನಪಿಗೂ ದೀಪಾವಳಿ ಬರುತ್ತದೆ. ಆದರೆ ಮೆದೆಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹಿಂಗಾರು ಮಳೆಯ ತೇವ ನೆಲದಲ್ಲಿರುತ್ತದೆ. ರಾಗಿ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಹಿತ್ತಿಲಲ್ಲಿ ಕಳೆದ ವರ್ಷದ ಹುಲ್ಲಿನ ತಳ ಮಾತ್ರ ಉಳಿದಿರುತ್ತದೆ. ಕೊಯ್ಲು, ಒಕ್ಕಣೆ ಮುಗಿದು ಹೊಸ ಮೆದೆ ತುಂಬ ಎದ್ದು ನಿಲ್ಲುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ಯುಗಾದಿ ಕಳೆಯುವವರೆಗೂ ಒಣ ಗಾಳಿ, ಒಣ ಬಿಸಿಲು. ಊರ ಜಾತ್ರೆ, ಮಾರಿಹಬ್ಬ, ಮದುವೆಯ ಮೆರವಣಿಗೆ, ಚುನಾವಣೆಯಲ್ಲಿ ಗೆದ್ದವರ ಸಂಭ್ರಮ ಇವೆಲ್ಲ ಬರುವುದೂ ಬಹುಮಟ್ಟಿಗೆ ಆಗಲೇ. ದೀಪಾವಳಿಗೆ ಮನೆಯವರೆಲ್ಲ ಅಂಗಳದಲ್ಲಿದ್ದು ಕಾಯುತ್ತಾರೆ. ಜಾತ್ರೆಯ ರಾತ್ರಿ ಮನೆಯವರೆಲ್ಲ ತೇರಿನ ಮುಂದೆ. ಮೆದೆಯ ಬಳಿ ನಾಯಿ ಕೂಡ ಇರುವುದಿಲ್ಲ.

ಓದಿ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಿಸಿ ಕೇಳುಗರನ್ನು ಕೇಳಬೇಕೆಂದು ನಮ್ಮ ಕೋರಿಕೆ: ನಿಮ್ಮ ಮೆದೆಗೂ ಮೆರವಣಿಗೆ ಹೋಗುವ ಬೀದಿಗೂ ಎಷ್ಟು ಮಾರು? ಮೆದೆಗೂ ಕೊಟ್ಟಿಗೆಗೂ ಎಷ್ಟು? ಅಣ್ಣನ ಮೆದೆಗೂ ತಮ್ಮನ ಮೆದೆಗೂ ಎಷ್ಟು?

ಮೆದೆಯನ್ನು ಬೀದಿಯಿಂದಲೂ ಮನೆಯಿಂದಲೂ 20 ಮಾರಾದರೂ, ಅಂದರೆ ಸುಮಾರು 35 ಮೀಟರು, ದೂರ ಒಟ್ಟುವುದು ಒಳ್ಳೆಯದು. ಅಷ್ಟು ಜಾಗ ಎಲ್ಲರಿಗೂ ಇಲ್ಲವೆಂಬುದು ನಮಗೂ ಗೊತ್ತು. ಇಲ್ಲದವರು ಒಂದು ದೊಡ್ಡ ಮೆದೆಯ ಬದಲು ಎರಡು ಸಣ್ಣ ಮೆದೆ ಮಾಡಿ, ಒಂದನ್ನು ಹಿತ್ತಿಲಲ್ಲೂ ಇನ್ನೊಂದನ್ನು ಹೊಲದ ಕಣದಲ್ಲೂ ಇಡಲಿ. ಬೆಂಕಿ ಬಿದ್ದರೂ ಅರ್ಧ ವರ್ಷದ ಮೇವು ಉಳಿಯುತ್ತದೆ. ಮೆದೆಯ ಸುತ್ತ ಎರಡು ಮಾರು ಅಗಲ ಕಸಕಡ್ಡಿ, ಒಣಹುಲ್ಲು ಕೆರೆದು ನೆಲ ಬೋಳು ಮಾಡಬೇಕು. ನೆಲದ ಮೇಲೆ ಹರಿದು ಬರುವ ಬೆಂಕಿಗೆ ಇದೇ ಬೇಲಿ. ಜಾತ್ರೆಯ ದಿನ ಸಂಜೆ ಬೀದಿಯ ಕಡೆಯ ಮಗ್ಗುಲಿಗೆ ನೀರು ಚಿಮುಕಿಸಿ, ನೆನೆಸಿದ ಗೋಣಿಚೀಲಗಳನ್ನು ಹೊದಿಸಬಹುದು. ಮೆದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿರುವವರು ಮಾತ್ರ ಹುಷಾರು: ಅದು ಮಳೆಗೆ ಕೊಡೆಯಾಗುತ್ತದೆ, ಕಿಡಿಗೆ ಕರಗಿ ಉರಿಯುತ್ತ ಒಳಕ್ಕೆ ತೊಟ್ಟಿಕ್ಕುತ್ತದೆ.

ಕಿಡಿ ಬಿದ್ದ ಮೆದೆಯಲ್ಲಿ ಒಂದು ಮೋಸವಿದೆ. ಮೇಲೆ ನಾಲ್ಕು ಕೊಡ ನೀರು ಸುರಿದರೆ ಜ್ವಾಲೆ ನಿಲ್ಲುತ್ತದೆ. ಜನ ಮನೆಗೆ ಹೋಗಿ ಮಲಗುತ್ತಾರೆ. ಒತ್ತಾಗಿ ಒಟ್ಟಿದ ಹುಲ್ಲಿನೊಳಕ್ಕೆ ನೀರು ಇಳಿಯುವುದಿಲ್ಲ. ಒಳಗೆ ಕೆಂಡ ಹೊಗೆಯಾಡುತ್ತಲೇ ಇದ್ದು ಬೆಳಗಿನ ಜಾವದ ಗಾಳಿಗೆ ಮತ್ತೆ ಏಳುತ್ತದೆ. ಆದ್ದರಿಂದ ಕವೆಗೋಲಿನಿಂದ ಸುಟ್ಟ ಭಾಗವನ್ನು ಎಳೆದು ಬೇರೆಮಾಡಿ, ನೆಲದ ಮೇಲೆ ಹರಡಿ ನೆನೆಸಬೇಕು. ಒಬ್ಬರಾದರೂ ರಾತ್ರಿಯೆಲ್ಲ ಕಾಯಬೇಕು. ಕೊಟ್ಟಿಗೆ ಹತ್ತಿರವಿದ್ದರೆ ಎಲ್ಲಕ್ಕಿಂತ ಮೊದಲು ದನ ಬಿಚ್ಚಬೇಕು. ಹಗ್ಗವನ್ನು ಎಳೆದ ಕೂಡಲೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟುವ ರೂಢಿ ಇಟ್ಟುಕೊಂಡರೆ ಆ ಹೊತ್ತಿನಲ್ಲಿ ಕುಡುಗೋಲು ಹುಡುಕುವ ಪಾಡು ತಪ್ಪುತ್ತದೆ. ಬೆದರಿದ ಹಸು ಬೆಂಕಿಯ ಕೊಟ್ಟಿಗೆಗೇ ತಿರುಗಿ ನುಗ್ಗುವುದುಂಟು; ಕಣ್ಣಿಗೆ ಒದ್ದೆ ಗೋಣಿ ಹೊದಿಸಿ ನಡೆಸಿಕೊಂಡು ಹೋಗಿ ದೂರ ಕಟ್ಟಬೇಕು. ಬೆಂಕಿ ಕಂಡ ಕ್ಷಣವೇ ಒಬ್ಬರು 101ಕ್ಕೆ ಫೋನು ಮಾಡಲಿ. ‘ನಾವೇ ಆರಿಸಿಬಿಡೋಣ’ ಎಂದು ಕಾದ ಕಾಲು ಗಂಟೆ ಬಹಳ ದುಬಾರಿಯಾಗುತ್ತದೆ.

ಗಡಿಯ ಈಚೆ ಒಂದು ಹೊತ್ತು, ಆಚೆ ಒಂದು ಹೊತ್ತು

ಇನ್ನು ನಿಯಮದ ಮಾತು. ನಮ್ಮ ಜನಕ್ಕೆ ಇಲ್ಲಿ ಒಂದು ತೊಡಕಿದೆ. ಕನ್ನಡ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ನಾವು ಓದಿ ಕೇಳುವುದು ಕರ್ನಾಟಕದ ನಿಯಮ; ನಾವು ಬದುಕುವುದು ತಮಿಳುನಾಡಿನ ನಿಯಮದ ಕೆಳಗೆ. ಎರಡೂ ಒಂದೇ ಅಲ್ಲ.

2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಒಂದು ತೀರ್ಪು ಕೊಟ್ಟಿತು. ದೀಪಾವಳಿಯಂದು ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಹಚ್ಚಬೇಕು, ಹೊಗೆ ಕಡಿಮೆ ಬರುವ ‘ಹಸಿರು ಪಟಾಕಿ’ಯನ್ನೇ ಮಾರಬೇಕು, ಸರಪಟಾಕಿ ಕೂಡದು, ಬೇರಿಯಂ ಲವಣ ಬಳಸಕೂಡದು ಎಂಬುದು ಅದರ ಸಾರಾಂಶ. ತಮಿಳುನಾಡಿನವರು, ತಮ್ಮಲ್ಲಿ ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ ಮಾಡಿ ಪಟಾಕಿ ಹಚ್ಚುವ ವಾಡಿಕೆಯಿದೆ, ರಾತ್ರಿಯ ಹೊತ್ತು ತಮಗೆ ಒಗ್ಗದು ಎಂದು ಅರಿಕೆ ಮಾಡಿಕೊಂಡರು. ಅಕ್ಟೋಬರ್ 30ರಂದು ನ್ಯಾಯಾಲಯವು, ಒಟ್ಟು ಎರಡು ಗಂಟೆ ಮೀರಕೂಡದು, ಹೊತ್ತನ್ನು ಅಲ್ಲಿನ ಸರ್ಕಾರವೇ ಗೊತ್ತುಮಾಡಲಿ ಎಂದು ಒಪ್ಪಿತು. ತಮಿಳುನಾಡು ಸರ್ಕಾರ ಗೊತ್ತುಮಾಡಿದ ಹೊತ್ತು ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8. ಕರ್ನಾಟಕದಲ್ಲಿ ರಾತ್ರಿ 8ರಿಂದ 10.

ಇದರ ಪರಿಣಾಮ ಏನೆಂದರೆ, ಚಾಮರಾಜನಗರದಲ್ಲಿರುವ ಭಾವ ರಾತ್ರಿ 9 ಗಂಟೆಗೆ ಹಚ್ಚುವ ಹೂಕುಂಡ ನ್ಯಾಯವಾದದ್ದು. ಅದೇ ಹೊತ್ತಿನಲ್ಲಿ ತಾಳವಾಡಿಯ ಭಾವಮೈದ ಹಚ್ಚಿದರೆ ಅದು ಮೊಕದ್ದಮೆಗೆ ದಾರಿ. ಹೊತ್ತು ಮೀರಿ ಹಚ್ಚಿದವರ ಮೇಲೆ ತಮಿಳುನಾಡು ಪೊಲೀಸರು ಪ್ರತಿ ವರ್ಷ ಮೊಕದ್ದಮೆ ಹೂಡುತ್ತಿದ್ದಾರೆ. ‘ನಮಗೆ ಗೊತ್ತಿರಲಿಲ್ಲ, ನಾವು ಕನ್ನಡದವರು’ ಎಂಬ ಉತ್ತರ ಠಾಣೆಯಲ್ಲಿ ನಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಪಟಾಕಿಯ ಸಂಭ್ರಮವೆಲ್ಲ ಬಲಿಪಾಡ್ಯಮಿಯ ಸಂಜೆಗೆ. ತಮಿಳುನಾಡಿನ ಪ್ರಕಟಣೆ ಹೇಳುವುದು ದೀಪಾವಳಿಯ ದಿನದ ಹೊತ್ತನ್ನು. ಅಲ್ಲಿ ದೀಪಾವಳಿ ಎಂದರೆ ಚತುರ್ದಶಿಯ ದಿನ. ಬಲಿಪಾಡ್ಯಮಿಗೆ ಬೇರೆ ಹೊತ್ತು ಇದೆಯೆಂದು ನೀವಾಗಿಯೇ ಊಹಿಸಿಕೊಳ್ಳಬೇಡಿ. ಊರಿನ ನಾಲ್ಕು ಮಂದಿ ಹಿರಿಯರು ಹಬ್ಬಕ್ಕೆ ಒಂದು ವಾರ ಮುಂಚೆಯೇ ಠಾಣೆಗೆ ಹೋಗಿ ಕೇಳಿ, ಬಂದ ಉತ್ತರವನ್ನು ಡೈರಿಯ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಿದರೆ ಎಲ್ಲರಿಗೂ ಅನುಕೂಲ. ಹೊತ್ತಿನ ಪ್ರಕಟಣೆ ಪ್ರತಿ ವರ್ಷವೂ ಹೊಸದಾಗಿ ಬರುತ್ತದೆ. ಹಳೆಯ ನೆನಪನ್ನು ನಂಬದೆ ಆ ವರ್ಷದ್ದನ್ನು ನೋಡಬೇಕು.

ಗೊತ್ತಾದ ಹೊತ್ತಿನಿಂದ ಒಕ್ಕಲಿಗನಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚೆಂದು ನಮಗೆ ತೋರುತ್ತದೆ. ಇಡೀ ರಾತ್ರಿ ಎಲ್ಲೆಲ್ಲಿಂದಲೋ ಕಿಡಿ ಹಾರುತ್ತಿದ್ದರೆ ಮೆದೆ ಕಾಯುವವನು ಎಷ್ಟು ಹೊತ್ತು ಕಾಯಬಲ್ಲ? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂದರೆ ಕಾಯಬಹುದು. ದನವನ್ನು ಒಳಗೆ ಕಟ್ಟಬಹುದು, ನೀರು ತುಂಬಿಡಬಹುದು, ಹಾಲು ಕರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡಬಹುದು.

ಈ ಎರಡು ಗಂಟೆಯ ನಿಯಮ ಹಬ್ಬದ ದಿನಕ್ಕೆ. ಉಳಿದ ದಿನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ದೇಶದಲ್ಲೆಲ್ಲೂ ಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯ, ದೇವಸ್ಥಾನಗಳ ಸುತ್ತ 100 ಮೀಟರು ಯಾವ ಹೊತ್ತಿನಲ್ಲೂ ಕೂಡದು. ಗುಡಿಸಲುಗಳ ಹತ್ತಿರವೂ, ಬೇಗನೆ ಬೆಂಕಿ ಹತ್ತುವ ಜಾಗದ ಹತ್ತಿರವೂ ಹಚ್ಚಬೇಡಿರೆಂದು ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಹಬ್ಬದಲ್ಲೂ ಸಾರುತ್ತದೆ. ಹುಲ್ಲಿನ ಮೆದೆಗಿಂತ ಬೇಗ ಹತ್ತುವ ಜಾಗ ಇನ್ನಾವುದು? ಸಾಧ್ಯವಾದ ಕಡೆ ಊರವರೆಲ್ಲ ಒಂದೇ ಬಯಲಿನಲ್ಲಿ ಸೇರಿ ಹಚ್ಚಿರೆಂಬ ಸಲಹೆಯೂ ಅದರಲ್ಲೇ ಇದೆ. ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಒಳ್ಳೆಯ ಸಲಹೆ ಕಾಣೆವು. ಕೆರೆಯಂಗಳವೋ ಶಾಲೆಯಿಂದ ದೂರದ ಆಟದ ಬಯಲೋ ಆದೀತು.

ಜಾತ್ರೆಯಲ್ಲಿ ಸಾರ್ವಜನಿಕವಾಗಿ ಬಾಣ-ಬಿರುಸಿನ ಪ್ರದರ್ಶನ ನಡೆಸಬೇಕಾದರೆ ಜಿಲ್ಲಾ ಆಡಳಿತದ ಪರವಾನಗಿ ಬೇಕೇ ಬೇಕು. ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ನಸುಕಿನಲ್ಲಿ ಕೂಡಿಟ್ಟ ಮದ್ದಿಗೆ ಕಿಡಿ ತಗುಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಜಿಲ್ಲಾ ಆಡಳಿತ ಅನುಮತಿ ನಿರಾಕರಿಸಿತ್ತು, ಆದರೂ ನಡೆಯಿತು. ಅಜಾಗರೂಕತೆಯಿಂದ ಸ್ಫೋಟಕ ಬಳಸಿ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದವರಿಗೆ ಭಾರತೀಯ ನ್ಯಾಯ ಸಂಹಿತೆಯ 288ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕೊಳ್ಳುವಾಗ, ತರುವಾಗ

ಹೊಸೂರಿನ ಕಡೆಯವರಿಗೆ ಅತ್ತಿಬೆಲೆಯ ಹೆಸರು ಹೇಳಿದರೆ ಸಾಕು. 2023ರ ಅಕ್ಟೋಬರ್ 7ರಂದು ಗಡಿಯ ಹೆದ್ದಾರಿಯ ಪಕ್ಕದ ಪಟಾಕಿ ಅಂಗಡಿ-ದಾಸ್ತಾನಿನಲ್ಲಿ ಬೆಂಕಿ ಎದ್ದು 14ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಬಹಳ ಮಂದಿ ಹಬ್ಬದ ಕಾಲದ ಕೂಲಿಗೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಎಳೆಯ ಹುಡುಗರು. ಅದೇ ವರ್ಷ ಜುಲೈ 29ರಂದು ಕೃಷ್ಣಗಿರಿಯಲ್ಲಿಯೂ ಪಟಾಕಿ ದಾಸ್ತಾನು ಸ್ಫೋಟಿಸಿ ಅಕ್ಕಪಕ್ಕದ ಕಟ್ಟಡಗಳು ಉರುಳಿದ್ದವು. ‘ಹತ್ತು ದಿನದ ಕೆಲಸ, ಕೈತುಂಬ ಕೂಲಿ’ ಎಂದು ಯಾರಾದರೂ ನಿಮ್ಮ ಮಕ್ಕಳನ್ನು ಕರೆದರೆ, ಅಂಗಡಿಗೆ ಪರವಾನಗಿ ಇದೆಯೆ, ಹಿಂದೆ ಹೊರಬರಲು ಎರಡನೆಯ ಬಾಗಿಲಿದೆಯೆ ಎಂದು ಕೇಳಿ. ಹದಿನೆಂಟು ತುಂಬದವರನ್ನಂತೂ ಕಳಿಸಲೇ ಕೂಡದು; ಕಾನೂನೂ ಅದನ್ನು ಒಪ್ಪುವುದಿಲ್ಲ.

2008ರ ಸ್ಫೋಟಕ ನಿಯಮಗಳ ಪ್ರಕಾರ ಹಬ್ಬದ ತಾತ್ಕಾಲಿಕ ಅಂಗಡಿಗಳು ಬೆಂಕಿ ಹತ್ತದ ಸಾಮಗ್ರಿಯಿಂದ ಕಟ್ಟಿರಬೇಕು, ಒಂದಕ್ಕೊಂದು 3 ಮೀಟರು ದೂರ ಇರಬೇಕು, ಎದುರುಬದುರಾಗಿರಕೂಡದು, ಒಳಗೆ ಎಣ್ಣೆದೀಪ, ಗ್ಯಾಸ್ ದೀಪ ಕೂಡದು. ಈ ಕಟ್ಟಳೆಯ ಪಕ್ಕದಲ್ಲಿ ನಮ್ಮೂರಿನ ಚಿಲ್ಲರೆ ಅಂಗಡಿಯನ್ನಿಟ್ಟು ನೋಡಿ: ಮೇಲೆ ಬೀಡಿ, ಕೆಳಗೆ ಬೆಂಕಿಪೊಟ್ಟಣ, ಅದರ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಪಟಾಕಿ, ಮುಂದೆ ಬೀಡಿ ಹಚ್ಚುತ್ತ ನಿಂತ ಗಿರಾಕಿ! ಅಂಥಲ್ಲಿ ಕೊಳ್ಳದಿರುವುದೇ ಊರಿಗೆ ಮಾಡುವ ಉಪಕಾರ.

ಹಸಿರು ಪಟಾಕಿಯ ಪೆಟ್ಟಿಗೆಯ ಮೇಲೆ ‘ನೀರಿ’ ಸಂಸ್ಥೆಯ ಗುರುತೂ, ಫೋನಿನಿಂದ ಪರೀಕ್ಷಿಸಬಹುದಾದ ಕ್ಯು.ಆರ್. ಚೌಕವೂ ಇರುತ್ತವೆ. ಆದರೆ ಒಂದು ಮಾತು: ಹಸಿರು ಎಂದರೆ ಹೊಗೆ ಕಡಿಮೆ ಎಂದರ್ಥ, ತಣ್ಣಗಿದೆ ಎಂದರ್ಥವಲ್ಲ. ಹಸಿರು ಪಟಾಕಿಯ ಕಿಡಿಯೂ ಮೆದೆಯನ್ನು ಸುಡುತ್ತದೆ.

ಪಟಾಕಿಯನ್ನು ರೈಲಿನಲ್ಲಿ ತರುವುದು ಅಪರಾಧ. 1989ರ ರೈಲ್ವೆ ಕಾಯಿದೆಯಂತೆ ಮೂರು ವರ್ಷದವರೆಗೆ ಸೆರೆಯಿದೆ. ಬಸ್ಸಿನಲ್ಲೂ ಬೇಡ. ಬೈಕಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಲ ಇಟ್ಟುಕೊಂಡು ಬರುವುದನ್ನು ನಾವು ಹೆದ್ದಾರಿಯಲ್ಲಿ ಕಾಣುತ್ತಲೇ ಇದ್ದೇವೆ. ಬಿಸಿಯಾದ ಟ್ಯಾಂಕಿಗೂ ಮದ್ದಿನ ಚೀಲಕ್ಕೂ ಸ್ನೇಹ ಸಲ್ಲದು. ಮನೆಗೆ ತಂದದ್ದನ್ನು ಅಡುಗೆಮನೆ, ಅಟ್ಟದ ಹುಲ್ಲು, ಗೊಬ್ಬರದ ಚೀಲ, ಡೀಸೆಲ್ ಕ್ಯಾನು ಇವುಗಳಿಂದ ದೂರವಿಡಬೇಕು. ಬಿಸಿಲಿಗೆ ಒಣಹಾಕುವ ಅಭ್ಯಾಸವನ್ನು ಇಂದೇ ಬಿಡಬೇಕು.

ಹಸು, ಕೋಳಿ, ರೇಷ್ಮೆಹುಳು

ಸದ್ದಿಗೆ ಬೆದರಿದ ಹಸು ಹಾಲಿಳಿಸುವುದಿಲ್ಲ. ಅದು ಕೆಚ್ಚಲಲ್ಲಿ ಹಾಲಿಲ್ಲದ್ದರಿಂದಲ್ಲ. ಭಯದಿಂದ ರಕ್ತದಲ್ಲಿ ಸೇರುವ ರಸ ಹಾಲು ಇಳಿಯುವುದನ್ನು ತಡೆಯುತ್ತದೆ. ಬೆಳಗಿನ ಪಟಾಕಿಯ ಹೊತ್ತೂ ಡೈರಿಯ ಹೊತ್ತೂ ಒಂದೇ ಆದ್ದರಿಂದ, ಹಬ್ಬದ ದಿನ 6 ಗಂಟೆಯೊಳಗೆ ಕರೆದು ಮುಗಿಸುವುದು ಲೇಸು. ಗಬ್ಬದ ಹಸುವನ್ನು ಬೀದಿಯ ಕಡೆ ಕಟ್ಟಬೇಡಿ. ಹಗ್ಗ ಕಿತ್ತು ಓಡಿ ಬಿದ್ದರೆ ಕರುವಿಗೂ ಕೇಡು. ಕೋಳಿಮನೆಯಲ್ಲಿ ದೊಡ್ಡ ಸದ್ದಾದರೆ ಕೋಳಿಗಳೆಲ್ಲ ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ. ಪರದೆ ಇಳಿಸಿ, ದೀಪ ಹಾಕಿ, ಆ ಹೊತ್ತಿನಲ್ಲಿ ಒಬ್ಬರು ಒಳಗೇ ಇರಬೇಕು. ರೇಷ್ಮೆ ಸಾಕುವವರು ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಬೇಕು. ಗಂಧಕದ ಹೊಗೆ ಹುಳುವಿಗೆ ಆಗಿಬರುವುದಿಲ್ಲ. ಮಾರನೆಯ ದಿನದ ಸೊಪ್ಪನ್ನು ಬೀದಿಯ ಬದಿಯ ಸಾಲಿನಿಂದ ಕೀಳದೆ ತೋಟದ ಒಳಗಿನಿಂದ ಕೀಳಿ.

ಕಾಡುಪ್ರಾಣಿ ಓಡಿಸಲು ಮದ್ದು

ನಮ್ಮಲ್ಲಿ ಪಟಾಕಿ ಹಬ್ಬಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಆನೆ-ಹಂದಿಗಳ ಮೇಲೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಹಾದಿಯಾಗಿ ಆನೆಹಿಂಡು ಇಳಿಯುತ್ತದೆ. ತಾಳವಾಡಿಗಂತೂ ಸತ್ಯಮಂಗಲದ ಹುಲಿ ಸಂರಕ್ಷಿತ ಕಾಡೇ ಬೇಲಿ. ಬೆಳೆ ಹೋದವರ ಸಂಕಟ ನಾವು ಬಲ್ಲೆವು. ಆದರೂ ಕತ್ತಲಲ್ಲಿ ಒಬ್ಬನೇ ಪಟಾಕಿ ಹಿಡಿದು ಆನೆಯ ಎದುರು ಹೋಗಬಾರದು. ಹಿಂಡು ಚದುರಿದರೆ ಮರಿಯಿದ್ದ ಹೆಣ್ಣಾನೆ ತಿರುಗಿ ಬೀಳುತ್ತದೆ. ದಿನವೂ ಕೇಳಿದ ಸದ್ದಿಗೆ ಆನೆ ಹೆದರುವುದನ್ನೂ ಬಿಡುತ್ತದೆ. ಮಾಗಿದ ರಾಗಿಯ ಮೇಲೆ ಬಿದ್ದ ಪಟಾಕಿ ಆನೆ ತಿನ್ನುವುದಕ್ಕಿಂತ ಹೆಚ್ಚು ಬೆಳೆಯನ್ನು ತಾನೇ ತಿನ್ನುತ್ತದೆ. ಅರಣ್ಯ ಇಲಾಖೆಯ ಕಾವಲುಗಾರರನ್ನು ಕರೆಸಿ, ನಾಲ್ಕಾರು ಮಂದಿ ಜೊತೆಯಾಗಿಯೇ ಹೋಗಬೇಕು.

ಹಂದಿಗೆಂದು ತಿನಿಸಿನೊಳಗೆ ಮದ್ದಿಟ್ಟು ಹೊಲದಂಚಿನಲ್ಲಿ ಬಿಡುವ ಕೆಟ್ಟ ಪದ್ಧತಿಯೊಂದಿದೆ. ಅದನ್ನು ಕಚ್ಚುವುದು ಹಂದಿಯೇ ಎಂದು ಯಾರು ಬರೆದುಕೊಟ್ಟಿದ್ದಾರೆ? ಮೇಯಲು ಹೋದ ಹಸು ಕಚ್ಚಿದರೆ ದವಡೆ ಒಡೆದು, ನೀರು ಕೂಡ ಕುಡಿಯಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. 2020ರ ಮೇ 27ರಂದು ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಹೀಗೆಯೇ ಬಾಯಿ ಛಿದ್ರವಾಗಿ ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಇಂಥ ಮದ್ದನ್ನು ಇಟ್ಟುಕೊಂಡವರಿಗೆ 1908ರ ಸ್ಫೋಟಕ ವಸ್ತುಗಳ ಕಾಯಿದೆಯಂತೆ ಹತ್ತು ವರ್ಷದವರೆಗೂ ಸೆರೆಯಾಗಬಹುದು.

ಈಚೆಗೆ ಮಂಗ ಓಡಿಸಲೆಂದು ಪಿ.ವಿ.ಸಿ. ಕೊಳವೆಗೆ ಕಾರ್ಬೈಡ್ ಹರಳು, ನೀರು ಹಾಕಿ ಸಿಡಿಸುವ ‘ಕಾರ್ಬೈಡ್ ಗನ್’ ಬಂದಿದೆ. 2025ರ ದೀಪಾವಳಿಯಲ್ಲಿ ಭೋಪಾಲ್ ಮೊದಲಾದ ಮಧ್ಯಪ್ರದೇಶದ ಊರುಗಳಲ್ಲಿ ಇದನ್ನು ಆಟದ ಸಾಮಾನೆಂದು ಕೊಂಡ ನೂರಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಪೆಟ್ಟಾಯಿತು, ಹೆಚ್ಚಿನವರು ಮಕ್ಕಳು. ಸಿಡಿಯದಿದ್ದಾಗ ಕೊಳವೆಯೊಳಗೆ ಇಣುಕಿ ನೋಡುವುದು ಮಕ್ಕಳ ಸ್ವಭಾವ, ಆ ಕ್ಷಣದಲ್ಲೇ ಅದು ಸಿಡಿಯುತ್ತದೆ. ತೋಟದ ಶೆಡ್ಡಿನಲ್ಲಿ ಇಂಥದು ಇದ್ದರೆ ಇಂದೇ ಮುರಿದು ಹಾಕಿ.

ಸದ್ದಿಲ್ಲದೆ ಹಬ್ಬ ಮಾಡುವವರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಈರೋಡಿನ ಹತ್ತಿರದ ವೆಳ್ಳೋಡು ಪಕ್ಷಿಧಾಮದ ಸುತ್ತಲಿನ ಹಳ್ಳಿಗಳವರು ಹಕ್ಕಿಗಳು ಬೆದರುತ್ತವೆಂದು ಎಷ್ಟೋ ವರ್ಷಗಳಿಂದ ದೀಪಾವಳಿಗೆ ಪಟಾಕಿ ಹಚ್ಚುವುದನ್ನೇ ಬಿಟ್ಟಿದ್ದಾರೆ. ತಾಳವಾಡಿಯ ಪಕ್ಕದ ಗುಮಟಾಪುರದ ಗೊರೆಹಬ್ಬವನ್ನು ಯಾರು ಕೇಳರಿಯರು? ದೀಪಾವಳಿ ಕಳೆದ ಮೇಲೆ ಬೀರೇಶ್ವರನ ಹೆಸರಿನಲ್ಲಿ ಊರ ಗಂಡಸರೆಲ್ಲ ಸಗಣಿ ಉಂಡೆ ಎರಚಾಡುತ್ತಾರೆ. ನಗುವವರು ನಗಲಿ, ಆ ಮದ್ದಿಗೆ ಯಾವ ಮೆದೆಯೂ ಉರಿದದ್ದಿಲ್ಲ!

ಸುಟ್ಟಾಗ, ಮತ್ತು ಮಾರನೆಯ ಬೆಳಿಗ್ಗೆ

ಮೈ ಸುಟ್ಟರೆ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಶಾಯಿ, ಹಲ್ಲುಜ್ಜುವ ಪೇಸ್ಟು, ಬೆಣ್ಣೆ, ಸಗಣಿ ಯಾವುದನ್ನೂ ಬಳಿಯಬಾರದು. ಬೊಬ್ಬೆ ಒಡೆಯಬಾರದು. ಶುದ್ಧವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನು ಮಾಡಿದರೆ ವಾಹನ ಬರುತ್ತದೆ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಕವುಚಿ ಹಿಡಿದು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ದನ ಸುಟ್ಟುಕೊಂಡರೂ ಮೊದಲ ಔಷಧಿ ತಣ್ಣೀರೇ. ಆ ಮೇಲೆ 1962ಕ್ಕೆ ಫೋನು ಮಾಡಿ ಪಶುವೈದ್ಯ ವಾಹನ ಕರೆಸಬಹುದು.

ಹಬ್ಬದ ಮಾರನೆಯ ಬೆಳಿಗ್ಗೆ, ಮಕ್ಕಳು ಏಳುವುದಕ್ಕೆ ಮುಂಚೆ ದೊಡ್ಡವರೊಬ್ಬರು ಬೀದಿ ನೋಡಿಕೊಂಡು ಬರಬೇಕು. ಸಿಡಿಯದೆ ಉಳಿದ ಪಟಾಕಿಯನ್ನು ಆಯ್ದು ಅದರ ಮದ್ದು ತೆಗೆದು ಕಾಗದದಲ್ಲಿ ಸುತ್ತಿ ಹಚ್ಚುವುದು ಹುಡುಗರ ಹಳೆಯ ಚಾಳಿ. ಕೈ ಬೆರಳು ಹೋಗುವುದು ಆಗಲೇ. ಸಿಕ್ಕಿದ್ದನ್ನೆಲ್ಲ ಬಕೆಟ್ಟಿನ ನೀರಿಗೆ ಹಾಕಿ ರಾತ್ರಿಯವರೆಗೂ ನೆನೆಯಲು ಬಿಡಿ. ಆ ನೀರನ್ನು ದನ ಕುಡಿಯುವ ತೊಟ್ಟಿಯ ಕಡೆಗೂ ಬಾವಿಯ ಕಡೆಗೂ ಚೆಲ್ಲಬೇಡಿ. ಸುರುಸುರುಬತ್ತಿಯ ತಂತಿಗಳನ್ನು ಮಾತ್ರ ಒಂದೊಂದಾಗಿ ಎಣಿಸಿದಂತೆ ಆಯಬೇಕು. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ಹುಲ್ಲಿನೊಡನೆ ತಂತಿಯನ್ನೂ ನುಂಗುತ್ತದೆ. ಒಳಗೆ ಹೋದ ತಂತಿ ಎರಡನೆಯ ಹೊಟ್ಟೆಯಲ್ಲಿ ನಿಂತು, ಮೆಲ್ಲಗೆ ಮುಂದಕ್ಕೆ ತೂರಿ ಗುಂಡಿಗೆಗೆ ಚುಚ್ಚುತ್ತದೆ. ಹಬ್ಬ ಮರೆತು ಎಷ್ಟೋ ವಾರಗಳಾದ ಮೇಲೆ ಹಸು ಮೇವು ಬಿಟ್ಟು, ಬೆನ್ನು ಗೂನು ಮಾಡಿ, ಎದೆಯ ಕೆಳಗೆ ಊತ ಬಂದು ನಿಂತರೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ಆಯ್ದ ತಂತಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಹಳೇಕಬ್ಬಿಣದವನಿಗೆ ಕೊಟ್ಟುಬಿಡಿ.